ಅಪ್ಡೇಟ್ ಅಂದ್ರ ಖಬರ್, ಅಪ್‌ಗ್ರೇಡ್ ಅಂದ್ರ ಮಾಲ್

ನಮ್ಮ ಅಕ್ಕನ ಮಗ ಇಲ್ಲೇ ಕಲಬುರಗಿಯಾಗ ಡಿಪ್ಲೊಮಾ ಓದ್ಲಾಕತ್ತಾನ. ನನ್ನ ಹಳೇ ಲ್ಯಾಪ್‌ಟಾಪ್ ವಿಂಡೋಸ್ ಹೊತ್ಕೊಂಡು ಏಳ್ಲಾರದಂಗ ಆಗಿತ್ತು, ಅದಕ್ಕ ವಿಂಡೋಸ್ ಬದ್ಲಿ ಉಬುಂಟು 24.04 ಅನ್ನೋ ಲಿನಕ್ಸ್ ಹಾಕಿ ಅವಗ ಕೊಟ್ಟೆ, ಕೊಡೋ ಮುಂದ ಗಡಬಡದಾಗ "ದಿನಾ ಒಂದ್ಸಲ ಟರ್ಮಿನಲ್ ತೆಗೆದು ಸುಡೊ ಆಪ್ಟ್ ಅಪ್ಡೇಟ್ ಹೊಡಿ, ಎಲ್ಲಾ ಬರೋಬರ್ ಇರ್ತದ" ಅಂತ ಹೇಳಿ ಕಳಿಸ್ದೆ. ಟರ್ಮಿನಲ್ ಅಂದ್ರ ಕಮಾಂಡ್ ಬರಿಯೋ ಕಿಟಕಿ, ಸುಡೊ ಅಂದ್ರ ಮಷೀನಿನ ಮಾಲಕನ ಅಧಿಕಾರದಿಂದ ಮಾಡು ಅಂತ, ಆಪ್ಟ್ ಅಂದ್ರ ಸಾಫ್ಟ್‌ವೇರ್ ತಂದು ಹಾಕೋ ಪ್ರೋಗ್ರಾಮ್. ತಿಂಗಳಾದ ಮ್ಯಾಲ ಫೋನ್ ಬಂತು. "ಮಾಮಾ, ನೀವ್ ಹೇಳ್ದಂಗ ದಿನಾ ಮಾಡ್ಲಾಕತ್ತೀನ್ರಿ, ಆದ್ರ ಆ ನಂಬರ್ ಇಳಿಯವಲ್ದು, ಮೊದಲ 43 ಇತ್ತು, ಆಮ್ಯಾಲ 60 ಆಯ್ತು, ಇವತ್ತ 112 ಪ್ಯಾಕೇಜಸ್ ಕ್ಯಾನ್ ಬಿ ಅಪ್‌ಗ್ರೇಡೆಡ್ ಅಂತದ, ಮಷೀನ್ ಕೆಟ್ಟದೇನ್ರಿ?" ನಡುವ ನಡುವ ಒಂದು ಡಬ್ಬಿ ಬಂದು ಅಪ್ಡೇಟ್ ಅವ, ಹಾಕ್ಲೇನು ಅಂತ ಕೇಳ್ತಿತ್ತಂತ, ಇವ "ನಾ ಟರ್ಮಿನಲ್‌ದಾಗೇ ಮಾಡ್ತೀನಲ್ಲ" ಅಂತ ರಿಮೈಂಡ್ ಮಿ ಲೇಟರ್ ಒತ್ತಿ ಒತ್ತಿ ಅದನ್ನ ಓಡಿಸ್ಯಾನ.

ಮಷೀನ್ ಕೆಟ್ಟಿದ್ದಿಲ್ಲ, ನಾನೇ ಅರ್ಧ ಮಾತು ಹೇಳಿ ಕಳಿಸಿದ್ದೆ. ಅವನ ತಲ್ಯಾಗ ಅಪ್ಡೇಟ್ ಅಂದ್ರ ಫೋನಿನ ಅಪ್ಡೇಟ್, ಒತ್ತಿದ್ರ ಹೊಸದು ಬಂದು ಕೂಡೋದು. ಲಿನಕ್ಸಿನ ಈ ಕಮಾಂಡ್‌ದಾಗ ಆ ಪದಕ್ಕ ಆ ಅರ್ಥ ಇಲ್ಲ.

ನೋಡ್ರಿ, ನಾವ್ ಮಾತಾಡೋ ಕನ್ನಡದಾಗ ಅಪ್ಡೇಟ್ ಅನ್ನೋದು ಎರಡು ಥರ ಬರ್ತದ. ಒಂದು ಫೋನಿಂದು, "ವಾಟ್ಸಾಪ್ ಅಪ್ಡೇಟ್ ಮಾಡ್ಕೋ" ಅಂತೀವಿ. ಇನ್ನೊಂದು, "ಆ ಕೆಲಸದ್ದು ಏನ್ ಅಪ್ಡೇಟ್ ಅದ?" ಅಂತ ಕೇಳ್ತೀವಲ್ಲ, ಅದು. ಅಲ್ಲಿ ಯಾರೂ ಏನೂ ಬದಲಿ ಮಾಡ್ಲಾಕ ಹೇಳಂಗಿಲ್ಲ, ಬರೀ ಖಬರ್ ಕೇಳ್ತಾರ. ಆಪ್ಟ್‌ದಾಗ ಇರೋ ಅಪ್ಡೇಟ್ ಈ ಎರಡನೇದು. ಹೊಸ ಖಬರ್ ತಗೊಂಡು ಬಾ, ಅಷ್ಟೇ. ಸಾಮಾನು ತರೋ ಪದ ಬ್ಯಾರೆ ಅದ, ಅದು ಅಪ್‌ಗ್ರೇಡ್.

ನಮ್ಮ ಕಡಿ ಮಂದಿಗೆ ಇದನ್ನ ತಿಳಿಸೋದು ಸರಳ ಅದ, ತೊಗರಿ ರಾಶಿ ಮಾಡಿದವ್ರು ಮೊದಲ ಏನ್ ಮಾಡ್ತಾರ, ಗಂಜ್ ಅಂದ್ರ ಕಾಳಿನ ಮಾರ್ಕೆಟ್ಟಿಗೆ ಫೋನ್ ಹಚ್ಚಿ ಇವತ್ತ ಭಾವ ಏನ್ ನಡದದ ಅಂತ ಕೇಳ್ತಾರ. ಭಾವ ಕೇಳಿದ ಕೂಡ್ಲೇ ಚೀಲ ತಾನೇ ಗಾಡಿ ಹತ್ತಂಗಿಲ್ಲ, ಹತ್ತಬೇಕಂದ್ರ ಹಮಾಲರು ಬರಬೇಕು, ತೂಕ ಆಗಬೇಕು. ನಮ್ಮ ಹುಡುಗ ತಿಂಗಳಪೂರ್ತಿ ದಿನಾ ಭಾವ ಕೇಳ್ಯಾನ, ಚೀಲ ಒಂದೂ ಎತ್ತಿಲ್ಲ.

ಒಳಗ ಏನಾಗ್ತದ ಅಂದ್ರ, ಉಬುಂಟು, ಡೆಬಿಯನ್, ಮಿಂಟ್ ಅಂತ ಲಿನಕ್ಸಿನ್ಯಾಗ ಬ್ಯಾರೆ ಬ್ಯಾರೆ ಥರ ಅವ, ಇವೆಲ್ಲಾದರಾಗ ಸಾಫ್ಟ್‌ವೇರ್ ಬರೋದು ಪ್ಯಾಕೇಜ್ ಅನ್ನೋ ಗಂಟಿನ ರೂಪದಾಗ. ಗಂಟಿನ್ಯಾಗ ಪ್ರೋಗ್ರಾಮ್ ಇರ್ತದ, ಅದರ ಜೋಡಿ ಒಂದು ಚೀಟಿ ಇರ್ತದ, ಹೆಸರು ಏನು, ವರ್ಷನ್ ಎಷ್ಟು, ನಾ ನಡೀಬೇಕಂದ್ರ ಇನ್ನ್ಯಾರ್ಯಾರು ಬೇಕು ಅಂತ. ಕನ್ನಡದ್ದೇ ಉದಾಹರಣೆ ಕೊಡ್ತೀನಿ, ಡೆಬಿಯನ್ ಕಡಿ ಫಾಂಟ್ಸ್-ಕೆಎನ್‌ಡಿಎ ಅಂತ ಒಂದು ಪ್ಯಾಕೇಜ್ ಅದ, ಅದರಾಗ ಅಕ್ಷರ ಒಂದೂ ಇಲ್ಲ, ಬರೀ ಚೀಟಿ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳ ಪ್ಯಾಕೇಜುಗಳನ್ನ ಕರ್ಕೊಂಡು ಬರೋದೇ ಅದರ ಕೆಲಸ. ಇದಕ್ಕ ಡಿಪೆಂಡೆನ್ಸಿ ಅಂತಾರ. ಒಬ್ಬರನ್ನ ಲಗ್ನಕ್ಕ ಕರೆದ್ರ ಮನಿ ಮಂದಿಯೆಲ್ಲಾ ಬಂದಂಗ.

ಈ ಗಂಟುಗಳೆಲ್ಲಾ ಸರ್ವರ್‌ದಾಗ ಇರ್ತಾವ, ಅದಕ್ಕ ರೆಪೊಸಿಟರಿ ಅಂತಾರ, ನಮ್ಮ ಭಾಷಾದಾಗ ಗೋದಾಮು ಅಂದ್ಕೋರಿ. ಗೋದಾಮಿನ ಬಾಗಿಲಿಗೆ ಒಂದು ಪಟ್ಟಿ ತೂಗಹಾಕ್ಯಾರ, ಯಾವ ಪ್ಯಾಕೇಜಿಂದು ಯಾವ ವರ್ಷನ್ ಒಳಗ ಅದ ಅಂತ. ಆಪ್ಟ್ ಅಪ್ಡೇಟ್ ಹೊಡೆದ್ರ ಆ ಪಟ್ಟಿದಷ್ಟೇ ನಕಲು ಇಳಿಸಿ ನಿಮ್ಮ ಮಷೀನಿನ ಒಂದು ಮೂಲ್ಯಾಗ ಇಟ್ಕೋತದ, ನಿಮ್ಮ ಪ್ರೋಗ್ರಾಮ್ ಯಾವುದನ್ನೂ ಮುಟ್ಟಂಗಿಲ್ಲ. ಅದು ಓಡೋ ಮುಂದ ಸ್ಕ್ರೀನಿನ ಮ್ಯಾಲ ಹಿಟ್, ಗೆಟ್, ಇಗ್ನ್ ಅಂತ ಸಾಲು ಬರ್ತಾವಲ್ಲ, ಹಿಟ್ ಅಂದ್ರ ಪಟ್ಟಿ ಹಿಂದಿಂದೇ ಅದ, ಬದಲಾಗಿಲ್ಲ. ಗೆಟ್ ಅಂದ್ರ ಹೊಸ ಪಟ್ಟಿ ಇಳಿಸ್ಕೊಂಡೆ. ಇಗ್ನ್ ಅಂದ್ರ ಇದನ್ನ ಬಿಟ್ಟು ಮುಂದ ಹೋದೆ. ಹಿಟ್ ಅಂದ ಕೂಡ್ಲೇ ಏನೋ ಬಡಿತು ಅಂತ ಅಂಜಿದವ್ರನ್ನೂ ನೋಡೀನಿ.

ಪಟ್ಟಿಗೆ ಒಂದು ಸಹಿ ಇರ್ತದ, ಇದು ಭಾಳ ಮುಖ್ಯ, ಆದ್ರ ಯಾರೂ ಹೇಳಂಗಿಲ್ಲ. ಗುಲಬರ್ಗಾ ತೊಗರಿ ಬೇಳಿಗೆ 2019ರಾಗ ಜಿಐ ಟ್ಯಾಗ್ ಸಿಕ್ತಲ್ಲ, ಬ್ಯಾರೆ ಕಡಿ ಬೆಳೆದಿದ್ದನ್ನ ಇದೇ ಅಂತ ಮಾರಬಾರದು ಅಂತ, ಹಂಗ ಇಲ್ಲೂ ಪಟ್ಟಿ ಖರೇನೇ ಉಬುಂಟುದವ್ರು ಕೊಟ್ಟದ್ದೋ ನಡುವ ಯಾರರ ಬದಲಿಸ್ಯಾರೋ ಅಂತ ಆಪ್ಟ್ ಆ ಡಿಜಿಟಲ್ ಸಹಿ ನೋಡಿ ತಪಾಸ್ ಮಾಡ್ತದ, ಪಟ್ಟಿಯೊಳಗ ಪ್ರತಿ ಗಂಟಿಂದೂ ಒಂದು ಹ್ಯಾಶ್ ಅಂದ್ರ ಬೆರಳಚ್ಚಿನಂಥ ಗುರುತು ಬರೆದಿರ್ತದ, ಇಳಿಸಿದ ಗಂಟು ಅದಕ್ಕ ಕೂಡಲಿಲ್ಲಂದ್ರ ಒಳಗ ಬಿಡಂಗಿಲ್ಲ. ಹಿಂಗಾಗಿ ಯಾವುದೋ ಸೈಟಿಂದ ಸಿಕ್ಕ ಫೈಲ್ ಡಬಲ್ ಕ್ಲಿಕ್ ಮಾಡಿ ಹಾಕ್ಕೊಳ್ಳೋದಕ್ಕೂ ಇದಕ್ಕೂ ಭಾಳ ಫರಕ್ ಅದ.

ಇನ್ನ ಅಪ್‌ಗ್ರೇಡ್. ಸುಡೊ ಆಪ್ಟ್ ಅಪ್‌ಗ್ರೇಡ್ ಅಂದ್ರ ನಿಮ್ಮ ಮಷೀನಿನ್ಯಾಗ ಇರೋದನ್ನ ಪಟ್ಟಿ ಜೋಡಿ ಹೋಲಿಸಿ ನೋಡಿ, ಹಳೇದು ಯಾವುದು ಅದ ಅದರ ಹೊಸ ಗಂಟು ತಂದು ಬಿಚ್ಚಿ ಕೂಡಿಸ್ತದ. ಇವೆರಡೂ ಸರದಿ ಪ್ರಕಾರನೇ ಆಗಬೇಕು. ಅಪ್ಡೇಟ್ ಬಿಟ್ಟು ಸೀದಾ ಅಪ್‌ಗ್ರೇಡ್ ಹೊಡೆದ್ರ ಹೋದ ತಿಂಗಳ ಪಟ್ಟಿ ಹಿಡ್ಕೊಂಡು ಗೋದಾಮಿಗೆ ಹೋಗ್ತದ, ಅಲ್ಲಿ ಆ ಗಂಟು ತೆಗೆದು ಹೊಸದು ಇಟ್ಟಿರ್ತಾರ, ಆಗ 404 ನಾಟ್ ಫೌಂಡ್ ಅಂತ ಬರ್ತದ, ನಾವು ನೆಟ್ ಹೋಯ್ತು ಅಂತ ರೌಟರ್ ಬಡಿತೀವಿ. ಅದಕ್ಕ ಮಂದಿ ಎರಡೂ ಒಂದೇ ಸಾಲಿನ್ಯಾಗ ಬರೀತಾರ, ಸುಡೊ ಆಪ್ಟ್ ಅಪ್ಡೇಟ್ && ಸುಡೊ ಆಪ್ಟ್ ಅಪ್‌ಗ್ರೇಡ್. ನಡುವಿನ ಆ ಗುರುತಿನ ಅರ್ಥ, ಮೊದಲಿಂದು ಸರಿ ಆದ್ರ ಮಾತ್ರ ಮುಂದಿಂದು ಮಾಡು.

ಈ ಹೆಸರು ಯಾಕ ಹಿಂಗ ಇಟ್ರು ಅಂತ ಅಳಿಯ ಸಿಟ್ಟಿಲೇ ಕೇಳ್ದ. ಹಳೇ ಕಥಿ ಅದು. ಉಬುಂಟುದ ಮೂಲ ಆದ ಡೆಬಿಯನ್ ಹುಟ್ಟಿದ್ದು 1993ರಾಗ, ಆಪ್ಟ್ ಬರೋಕಿಂತ ಮೊದಲ ಅದರಾಗ ಡಿಸೆಲೆಕ್ಟ್ ಅಂತ ಒಂದು ಮೆನು ಇತ್ತು, ಅದರಾಗ ಅಪ್ಡೇಟ್ ಅನ್ನೋ ಸಾಲಿಗೆ ಸಿಗೋ ಪ್ಯಾಕೇಜುಗಳ ಪಟ್ಟಿ ಹೊಸದು ಮಾಡು ಅನ್ನೋದೇ ಅರ್ಥ, ಹಾಕ್ಕೊಳ್ಳೋದಕ್ಕ ಇನ್ಸ್ಟಾಲ್ ಅಂತ ಬ್ಯಾರೆ ಸಾಲು. ಆಗ ಯಾರ ಕೈಯಾಗೂ ಫೋನ್ ಅಪ್ಡೇಟ್ ಇದ್ದಿಲ್ಲ, ಗೊಂದಲ ಆಗ್ತದ ಅಂತ ಯಾರಿಗೂ ಅನಿಸಿರ್ಲಿಕ್ಕಿಲ್ಲ. ಎಲ್ಲಾ ಲಿನಕ್ಸಿನ್ಯಾಗೂ ಹಿಂಗ ಇಲ್ಲ ಮತ್ತ. ಫೆಡೋರಾದಾಗ ಆಪ್ಟಿನಂಥ ಡಿಎನ್‌ಎಫ್ ಅನ್ನೋದಕ್ಕ ಅಪ್ಡೇಟ್ ಅನ್ರಿ, ಅಪ್‌ಗ್ರೇಡ್ ಅನ್ರಿ, ಎರಡೂ ಒಂದೇ, ಪಟ್ಟಿ ಅದೇ ನೋಡ್ಕೋತದ. ಓಪನ್‌ಸೂಸೆದಾಗ ಪಟ್ಟಿ ತರೋದಕ್ಕ ರಿಫ್ರೆಶ್ ಅಂತಾರ, ನನಗ ಕೇಳಿದ್ರ ಎಲ್ಲಾದ್ರಕಿಂತ ಚಲೋ ಹೆಸರು ಅದೇ.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕಿ ಅದ. ಅಪ್‌ಗ್ರೇಡ್ ಅಂದ್ರ ಜಗತ್ತಿನ್ಯಾಗ ಎಲ್ಲಾದ್ರಕಿಂತ ಹೊಸ ವರ್ಷನ್ ಬರ್ತದ ಅಂತ. ಉಬುಂಟು ಎಲ್‌ಟಿಎಸ್ (ಭಾಳ ವರ್ಷ ನೋಡ್ಕೊಳ್ಳೋ ಆವೃತ್ತಿ) ಹಂಗ ಮಾಡಂಗಿಲ್ಲ. 24.04 ಬಿಟ್ಟಾಗ ಯಾವ ವರ್ಷನ್ ಇತ್ತೋ ಬಹುತೇಕ ಅದನ್ನೇ ಹಿಡ್ಕೊಂಡು 5 ವರ್ಷ ನಡೆಸ್ತಾರ. ಅದರಾಗ ತೂತು ಸಿಕ್ರ ಹೊಸ ಕೊಡ ತರೋ ಬದ್ಲಿ ಅದೇ ಕೊಡಕ್ಕ ಬೆಸುಗಿ ಹಾಕ್ತಾರ, ಬ್ಯಾಕ್‌ಪೋರ್ಟ್ ಅನ್ನೋದು ಇದಕ್ಕೇ. ವರ್ಷನ್ ನಂಬರ್ ಮುಂದಿಂದು ಹಂಗೇ ಇರ್ತದ, ಬಾಲದಾಗಿನ ಅಂಕಿ ಅಷ್ಟೇ ಏರ್ತದ. ಫೈರ್‌ಫಾಕ್ಸಿನಂಥ ಬ್ರೌಸರ್ ಮಾತ್ರ ಬ್ಯಾರೆ, ಅದು ಹೊಸಾದೇ ಬರ್ತದ, ಆದ್ರ ಉಬುಂಟುದಾಗ ಅದು ಸ್ನ್ಯಾಪ್ ಅನ್ನೋ ಇನ್ನೊಂದು ದಾರಿಲೆ ಬರ್ತದ, ಆಪ್ಟಿಗೆ ಅದರ ಗೊಡವಿನೇ ಇಲ್ಲ, ದಿನಕ್ಕ 4 ಸಲ ತಾನೇ ನೋಡ್ಕೊಂಡು ತಾನೇ ಹೊಸದಾಗ್ತದ.

ಹಳೇದನ್ನ ಹಿಡ್ಕೊಂಡು ಕೂಡೋದು ಹೇಡಿತನ ಅಂತ ಹುಡುಗ್ರು ನಗ್ತಾರ. 2024ರ ಮಾರ್ಚ್ 29ಕ್ಕ ಏನಾಯ್ತು ಅಂತ ಅವ್ರಿಗೆ ಹೇಳ್ತಿರ್ತೀನಿ. ಎಕ್ಸ್‌ಝಡ್ ಅಂತ ಫೈಲ್ ಕುಗ್ಗಿಸೋ ಒಂದು ಸಣ್ಣ ಪ್ಯಾಕೇಜ್ ಅದ, ಅದರ ಹೊಸ ವರ್ಷನ್ 5.6.0 ಮತ್ತ 5.6.1ರಾಗ ಯಾರೋ ಬೇಕಂತಲೇ ಕಳ್ಳಬಾಗಿಲು ಇಟ್ಟಿದ್ರು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ತನ್ನ ಮಷೀನಿಗೆ ರಿಮೋಟ್ ಲಾಗಿನ್ ಆಗೋ ಮುಂದ ಅರ್ಧ ಸೆಕೆಂಡ್ ತಡ ಆಗ್ಲಾಕತ್ತದಲ್ಲ ಅಂತ ಬೆನ್ನು ಹತ್ತಿ ಹಿಡಿದ. ಡೆಬಿಯನ್‌ದಾಗ ಅದು ಹೊಸದನ್ನ ಪರೀಕ್ಷಾ ಮಾಡೋ ಟೆಸ್ಟಿಂಗ್‌ದವರ ತನಕ ಹೋಗಿತ್ತು, ಸ್ಟೇಬಲ್ ಅಂದ್ರ ಪಕ್ಕಾ ಆದ ಆವೃತ್ತಿ ಇಟ್ಕೊಂಡವ್ರಿಗೆ ತಲುಪಿದ್ದಿಲ್ಲ. ನಮ್ಮ ಹುಡುಗನ ಹಂತೇಕ ಇರೋ ಇದೇ 24.04ದ ಬೀಟಾ ಅಂದ್ರ ಪರೀಕ್ಷಾ ಆವೃತ್ತಿ ಆ ಗದ್ದಲದಾಗ ಒಂದು ವಾರ ಮುಂದ ಹೋಯ್ತು.

22.04ದಿಂದ 24.04ಕ್ಕ ಜಿಗಿಯೋದಕ್ಕೂ ಅಪ್‌ಗ್ರೇಡ್ ಅಂತಾರ, ಅದು ರಿಲೀಸ್ ಅಪ್‌ಗ್ರೇಡ್. ಅದು ಮನಿ ಬದಲಿ ಮಾಡಿದಂಗ, ಕಮಾಂಡೂ ಬ್ಯಾರೆ, ಆಪ್ಟ್ ಅಪ್‌ಗ್ರೇಡ್ ಎಷ್ಟ್ ಹೊಡೆದ್ರೂ ಅದು ಆಗಂಗಿಲ್ಲ. ಅದರ ಮಾತು ಇಲ್ಲಿ ಬ್ಯಾಡ.

ಒಂದು ಸಣ್ಣ ಕರೆಂಟ್ ಮಾತು ಮಾತ್ರ ಹೇಳೇ ಹೇಳಬೇಕು, ಯಾಕಂದ್ರ ಪುಸ್ತಕ ಬರಿಯೋ ಮಂದಿ ನಮ್ಮ ಮೇ ತಿಂಗಳ ಬಿಸಿಲು ನೋಡಿಲ್ಲ. ಅಪ್ಡೇಟ್ ನಡುವ ಕರೆಂಟ್ ಹೋದ್ರ ಏನೂ ಆಗಂಗಿಲ್ಲ, ಪಟ್ಟಿ ಅರ್ಧ ಬಂದಿರ್ತದ, ಮತ್ತೊಮ್ಮೆ ತಂದ್ರಾಯ್ತು. ಅಪ್‌ಗ್ರೇಡ್ ನಡುವ ಹೋದ್ರ ಗಂಟು ಬಿಚ್ಚಿ ಹರವಿ ಇಟ್ಟಿರ್ತದ, ಕೂಡಿಸೋದು ಉಳಿದಿರ್ತದ. ನನ್ನ ಡೆಸ್ಕ್‌ಟಾಪ್ ಹಿಂಗ ಒಂದ್ಸಲ ನಿಂತಿತ್ತು, ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು, ಹೊಸದು ತರೋಣ ತರೋಣ ಅಂತ ಮೂರು ತಿಂಗಳ ಮುಂದ ಹಾಕಿದ್ದೆ. ಮತ್ತ ಚಾಲೂ ಮಾಡಿದಾಗ ಆಪ್ಟ್ ತಾನೇ ದಾರಿ ಹೇಳ್ತು, ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ ಹೊಡಿ ಅಂತ. ಹೊಡೆದೆ, ಉಳಿದದ್ದು ಕೂಡಿಸ್ಕೊಂಡ್ತು. ಅದಕ್ಕ ಲ್ಯಾಪ್‌ಟಾಪ್ ಇದ್ದವ್ರು ಚಾರ್ಜ್ ನೋಡ್ಕೊಂಡು ಅಪ್‌ಗ್ರೇಡಿಗೆ ಕೂಡ್ರಿ. ಒಮ್ಮೊಮ್ಮೆ ಕುಡ್ ನಾಟ್ ಗೆಟ್ ಲಾಕ್ ಅಂತ ಬರ್ತದ, ಅಂದ್ರ ಉಬುಂಟು ನಮಗ ಕಾಣದಂಗ ಹಿಂದ ಸೆಕ್ಯುರಿಟಿ ಗಂಟು ತಾನೇ ಇಳಿಸ್ಲಾಕತ್ತದ ಅಂತ ಇರಬಹುದು, ಚಹಾ ಕುಡಿದು ಬರ್ರಿ, ಆ ಲಾಕ್ ಫೈಲ್ ಅಳಿಸಿಬಿಡು ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ.

ಕರ್ನಲ್ ಅಂದ್ರ ಸಿಸ್ಟಮಿನ ಒಳತಿರುಳು, ಅದು ಹೊಸದು ಬಂದಾಗ ರೀಸ್ಟಾರ್ಟ್ ಕೇಳ್ತದ, ಉಳಿದ ಬಹಳಷ್ಟಕ್ಕ ಬೇಕಾಗಂಗಿಲ್ಲ, ಆ ಪ್ರೋಗ್ರಾಮ್ ಮುಚ್ಚಿ ಮತ್ತ ತೆರೆದ್ರ ಸಾಕು.

ಇಷ್ಟೆಲ್ಲಾ ಫೋನಿನ್ಯಾಗೇ ಹೇಳ್ದೆ. ರಾತ್ರಿ ಅಳಿಯ ಅಪ್‌ಗ್ರೇಡ್ ಹೊಡೆದು ಸ್ಕ್ರೀನಿನ ಫೋಟೋ ಕಳಿಸ್ದ. 109 ಆಗಿದ್ವು, 3 ಉಳಿದಿದ್ವು, ಡಿಫರ್ಡ್ ಡ್ಯೂ ಟು ಫೇಸಿಂಗ್ ಅಂತ ಬರೆದಿತ್ತು. "ಮಾಮಾ, ಇವು 3 ಯಾಕ ಬರವಲ್ವು, ಒತ್ತಾಯ ಮಾಡಿ ತರ್ಲೇನ್ರಿ?" ಬ್ಯಾಡ ತಮ್ಮಾ ಅಂದೆ. ಫೇಸಿಂಗ್ ಅಂದ್ರ ಹೊಸ ಗಂಟನ್ನ ಎಲ್ಲಾರಿಗೂ ಒಮ್ಮೆಗೇ ಕೊಡಂಗಿಲ್ಲ, ಮೊದಲ ಒಂದಿಷ್ಟು ಮಷೀನಿಗೆ ಕೊಟ್ಟು, ಏನರ ಕೆಟ್ಟ್ರ ಅಲ್ಲೇ ನಿಂದ್ರಿಸಿ, ಕೆಡಲಿಲ್ಲಂದ್ರ ಇನ್ನೊಂದಿಷ್ಟಕ್ಕ ಕೊಡ್ತಾರ. ಪ್ರಸಾದದ ಪಂಕ್ತಿ ಇದ್ದಂಗ, ನಿನ್ನ ಎಲಿ ಹಂತೇಕ ಇನ್ನಾ ಬಂದಿಲ್ಲ, ಕೂಡು ಅಂದೆ. ನಾಲ್ಕು ದಿನ ಬಿಟ್ಟು ಮತ್ತ ಫೋಟೋ ಬಂತು, ಮೂರೂ ಬಂದಿದ್ವು, ಕೆಳಗ ಇವ ಬರೆದಿದ್ದ, "ಮಾಮಾ ಇವತ್ತ ಭಾವನೂ ಕೇಳ್ದೆ, ಚೀಲನೂ ಎತ್ತಿದೆ."