ಕೀಬೋರ್ಡ್ ಬಿಚ್ಚೋ ಟ್ಯಾಬ್ ತಗೊಂಡ್ರೆ ಲ್ಯಾಪ್‌ಟಾಪ್ ಬೇಡ್ವಾ?

ಕಾಲೇಜು ಶುರುವಾಗೋ ಟೈಮಲ್ಲಿ ತುಂಬಾ ಜನ ಕೇಳೋದು ಇದೇ: "ಮಗಳು ಬಿಕಾಂ ಸೇರ್ತಿದ್ದಾಳೆ, ಲ್ಯಾಪ್‌ಟಾಪ್ ಬದ್ಲು ಕೀಬೋರ್ಡ್ ತೆಗೆದು ಹಾಕೋ ಟ್ಯಾಬ್ ಕೊಡಿಸಿದ್ರೆ ಎರಡೂ ಕೆಲಸ ಆಗುತ್ತಲ್ವಾ ಸರ್?"

ಮೊದ್ಲು ಒಂದು ಲೆಕ್ಕ ಹಾಕ್ಕೊಳ್ಳಿ. ದಿನಕ್ಕೆ ಎಷ್ಟೊತ್ತು ಅವಳು ಕೀಬೋರ್ಡ್ ಬಿಚ್ಚಿಟ್ಟು ಬಳಸ್ತಾಳೆ? ಪೆನ್ ಹಿಡ್ಕೊಂಡು ನೋಟ್ಸ್ ಬರೆಯೋರು, ಚಿತ್ರ ಬಿಡಿಸೋರು, ಪಿಡಿಎಫ್ ಓದ್ತಾ ಗೆರೆ ಎಳೆಯೋರು, ಗಣಿತ ಹೇಳ್ಕೊಡೋ ಮೇಷ್ಟ್ರು ಇಂಥೋರಿಗೆ ಇದು ನಿಜವಾಗ್ಲೂ ಒಳ್ಳೆ ವಸ್ತು, ಕಣ್ಮುಚ್ಚಿ ತಗೋಬಹುದು. ಆದ್ರೆ ಕೀಬೋರ್ಡ್ ಯಾವಾಗ್ಲೂ ಅಂಟ್ಕೊಂಡೇ ಇರುತ್ತೆ ಅಂದ್ರೆ ಅದೇ ದುಡ್ಡಿಗೆ ಇನ್ನೂ ಒಳ್ಳೆ ಲ್ಯಾಪ್‌ಟಾಪ್ ಬರುತ್ತೆ.

ದುಡ್ಡು ಅಂದಾಗ ನೆನಪಾಯ್ತು, ಜಾಹೀರಾತಲ್ಲಿ ಕೀಬೋರ್ಡ್ ಸಮೇತ ಫೋಟೊ ಇರುತ್ತೆ, ಎಷ್ಟೋ ಮಾಡೆಲ್‌ಗಳ ಬಾಕ್ಸಲ್ಲಿ ಇರಲ್ಲ. ಮೈಕ್ರೋಸಾಫ್ಟ್ 2012ರಲ್ಲಿ ಸರ್ಫೇಸ್ ಅನ್ನೋ ತನ್ನ ಬಿಚ್ಚೋ ಟ್ಯಾಬ್ ತಂದಾಗ್ಲೇ ಕೀಬೋರ್ಡ್ ಕವರ್‌ಗೆ ಬೇರೆ ರೇಟ್ ಇತ್ತು, ಐಪ್ಯಾಡ್ ಕಥೆನೂ ಅದೇ. ಟ್ಯಾಬ್, ಕೀಬೋರ್ಡ್, ಪೆನ್ ಮೂರನ್ನೂ ಕೂಡಿಸಿ ಬಿಲ್ ಎಷ್ಟಾಗುತ್ತೆ ಅಂತ ಕೇಳಿ.

ತೂಕನೂ ನೋಡಿ. 2020ರ 12.9 ಇಂಚಿನ ಐಪ್ಯಾಡ್ ಪ್ರೋಗೆ ಆಪಲ್‌ನದೇ ಮ್ಯಾಜಿಕ್ ಕೀಬೋರ್ಡ್ ಹಾಕಿದ್ರೆ ಅದೇ ವರ್ಷದ 1.29 ಕೆಜಿ ಮ್ಯಾಕ್‌ಬುಕ್ ಏರ್‌ಗಿಂತ ಭಾರ ಆಗ್ತಿತ್ತು. ಲ್ಯಾಪ್‌ಟಾಪಲ್ಲಿ ಬ್ಯಾಟರಿ ಎಲ್ಲಾ ಕೆಳಗಡೆ, ಇದ್ರಲ್ಲಿ ಎಲ್ಲಾ ಸ್ಕ್ರೀನ್ ಹಿಂದೆ, ಅದಕ್ಕೇ ಹಿಂದಕ್ಕೆ ವಾಲುತ್ತೆ. ನನ್ನ ಹತ್ರ ಹಿಂದೆ ಸ್ಟ್ಯಾಂಡ್ ಇರೋದು ಒಂದಿದೆ, ಮೈಸೂರು ಟ್ರೈನಲ್ಲಿ ತೊಡೆ ಮೇಲಿಟ್ಟು ಒಂದು ರಿಪೋರ್ಟ್ ಮುಗಿಸೋಣ ಅಂತ ಕೂತ್ರೆ ಮಂಡಿ ಜೋಡಿಸ್ಕೊಂಡು ಜಾರದ ಹಾಗೆ ಹಿಡ್ಕೊಳ್ಳೋದೇ ಕೆಲಸ ಆಯ್ತು, ರಾಮನಗರ ದಾಟೋಷ್ಟರಲ್ಲಿ ಮುಚ್ಚಿಟ್ಟೆ. ಟೇಬಲ್ ಮೇಲೆ ಏನೂ ತೊಂದ್ರೆ ಇಲ್ಲ, ಹಾಸ್ಟೆಲ್ ಮಂಚದ ಮೇಲೆ ಕೂತು ಟೈಪ್ ಮಾಡೋ ಮಕ್ಕಳಿಗೆ ಕಷ್ಟ.

ಇನ್ನು ಸಾಫ್ಟ್‌ವೇರ್, ಇಲ್ಲೇ ಜನ ಎಡವೋದು. ಮೊದಲ ಸರ್ಫೇಸ್ ಆರ್‌ಟಿ ನೋಡೋಕೆ ವಿಂಡೋಸ್ ಥರಾನೇ ಇದ್ರೂ ಹಳೇ ವಿಂಡೋಸ್ ಪ್ರೋಗ್ರಾಮ್ ಯಾವ್ದೂ ಹಾಕೋಕಾಗ್ತಿರ್ಲಿಲ್ಲ, ಮಾರಾಟ ಆಗದೆ 2013ರಲ್ಲಿ ಕಂಪನಿ 90 ಕೋಟಿ ಡಾಲರ್ ನಷ್ಟ ಬರ್ಕೋಬೇಕಾಯ್ತು. ಬಿಕಾಂ ಅಂದ್ಮೇಲೆ ಲೆಕ್ಕಪತ್ರ ಬರೆಯೋ ಟ್ಯಾಲಿ ಬೇಕೇ ಬೇಕು, ಅದು ವಿಂಡೋಸ್ ಪ್ರೋಗ್ರಾಮ್, ಆಂಡ್ರಾಯ್ಡ್ ಟ್ಯಾಬಲ್ಲಾಗ್ಲಿ ಐಪ್ಯಾಡಲ್ಲಾಗ್ಲಿ ಇನ್‌ಸ್ಟಾಲ್ ಆಗಲ್ಲ. ಸ್ನ್ಯಾಪ್‌ಡ್ರ್ಯಾಗನ್ ಅನ್ನೋ, ಫೋನಲ್ಲಿರೋ ಥರದ ಚಿಪ್ ಇರೋ ವಿಂಡೋಸ್ ಟ್ಯಾಬಲ್ಲಿ ಹಳೇ ಪ್ರೋಗ್ರಾಮ್‌ಗಳು ಬಹುಪಾಲು ಓಡುತ್ತೆ, ಆದ್ರೆ ಹಳೇ ಪ್ರಿಂಟರ್, ಡಿಜಿಟಲ್ ಸಹಿ ಹಾಕೋ ಯುಎಸ್‌ಬಿ ಟೋಕನ್ ಇಂಥವಕ್ಕೆ ಆ ಚಿಪ್‌ಗಂತಲೇ ಮಾಡಿದ ಡ್ರೈವರ್ (ಅವನ್ನ ನಡೆಸೋ ಸಣ್ಣ ಸಾಫ್ಟ್‌ವೇರ್) ಇಲ್ಲಾಂದ್ರೆ ನಡೆಯಲ್ಲ.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ಮಾತು, ಇದು ನಂಗೆ ತುಂಬಾ ಮುಖ್ಯ. ವಿಂಡೋಸಲ್ಲಿ ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ ಇದೆ, ವಿಂಡೋಸ್ 10ರ 2019ರ ಅಪ್‌ಡೇಟ್‌ನಿಂದ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ್ರೆ ಕನ್ನಡ ಬರೋ ಫೋನೆಟಿಕ್ ಕೀಬೋರ್ಡ್ ಜೊತೆಗೇ ಬರುತ್ತೆ. ಬೇರೆ ಟ್ಯಾಬಲ್ಲಿ ಸ್ಕ್ರೀನ್ ಮೇಲೆ ಚೆನ್ನಾಗಿ ಬರೋ ಕನ್ನಡ, ಕೀಬೋರ್ಡ್ ಸಿಕ್ಕಿಸಿದ ತಕ್ಷಣ ಕೈಕೊಡಬಹುದು. ಅಂಗಡೀಲೇ ಕೀಬೋರ್ಡ್ ಹಾಕ್ಸಿ "ಜ್ಞಾನ", "ಶ್ರೀಕೃಷ್ಣ" ಅಂತ ಟೈಪ್ ಮಾಡಿ ನೋಡಿ, ಒತ್ತಕ್ಷರ ಸರಿಯಾಗಿ ಬಂದ್ರೆ ಮಾತ್ರ ದುಡ್ಡು ಕೊಡಿ.

ನಿಮ್ಮ ಮಗಳಿಗೆ ಸದ್ಯಕ್ಕೆ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪೇ ಕೊಡ್ಸಿ. ಅವಳಿಗೆ ಪೆನ್ನಲ್ಲಿ ಬರೆಯೋ ಅಭ್ಯಾಸ ಇದೆಯಾ ಅಂತ ಮಾತ್ರ ಒಂದ್ಸಲ ಕೇಳಿ, ಹೌದು ಅಂದ್ರೆ ವಿಂಡೋಸ್ ಇರೋ ಬಿಚ್ಚೋ ಟ್ಯಾಬ್ ನೋಡಬಹುದು.