ಬಣ್ಣ ಬಿಡುವುದು ಗ್ಯಾರಂಟಿ

ನಮ್ಮ ಮನೆಗಳಲ್ಲಿ ಹೊಸ ಬಟ್ಟೆಯ ಮೊದಲ ಒಗೆತ ಬೇರೆ ಬಕೆಟ್ಟಿನಲ್ಲಿ, ಒಂದು ಹಿಡಿ ಕಲ್ಲುಪ್ಪಿನ ಜತೆ. ಬಣ್ಣ ಬಿಟ್ಟು ಬಿಳಿ ಪಂಚೆಗೆ ಹತ್ತಿತೋ, ಅಂಗಡಿಯವನಿಗೆ ಮಂಗಳಾರತಿ ಖಂಡಿತ. ಈ ತಕರಾರನ್ನೇ ಅಮೆರಿಕದಲ್ಲಿ ಒಮ್ಮೆ ಸರಕಿನ ಹೆಚ್ಚುಗಾರಿಕೆಯೆಂದು ಮಾರಲಾಯಿತು.

1958ರಲ್ಲಿ ವಿಲಿಯಂ ಜೇಕಬ್ಸನ್ ಎಂಬ ಆಮದುದಾರ ಮುಂಬೈಗೆ ಬಂದು, ಕಣ್ಣೂರಿನ ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ ಅವರಿಂದ ಹತ್ತು ಸಾವಿರ ಗಜ ಮದ್ರಾಸ್ ಚೌಕಳಿ ಬಟ್ಟೆ ಕೊಂಡ. (ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಲೀಲಾ ಪ್ಯಾಲೇಸ್ ಕಟ್ಟಿಸಿದವರು ಇದೇ ನಾಯರ್.) ತಣ್ಣೀರಿನಲ್ಲಿ ಹಗುರವಾಗಿ ಒಗೆಯಬೇಕೆಂದು ಅವರು ಹೇಳಿದ್ದರಂತೆ. ಆ ಮಾತು, ಜೇಕಬ್ಸನ್ ಬಟ್ಟೆ ಮಾರಿದ ಬ್ರೂಕ್ಸ್ ಬ್ರದರ್ಸ್ ಎಂಬ ಅಮೆರಿಕದ ಉಡುಪಿನ ಅಂಗಡಿಗೆ ಮುಟ್ಟಲೇ ಇಲ್ಲ. ಗಿರಾಕಿಗಳು ವಾಷಿಂಗ್ ಮಷೀನಿಗೆ ಹಾಕಿದರು, ಒಳಗೆಲ್ಲ ಓಕುಳಿ. ದೂರುಗಳ ಸುರಿಮಳೆಯಾಗಿ ವಕೀಲರೂ ನಡುವೆ ಬಂದರು. ಕೊನೆಗೆ ಹದಿಹರೆಯದವರ ಪತ್ರಿಕೆ ‘ಸೆವೆಂಟೀನ್’ ಈ ಬಟ್ಟೆಯನ್ನು ‘ಬ್ಲೀಡಿಂಗ್ ಮದ್ರಾಸ್’ ಎಂದು ಕೊಂಡಾಡಿತು. ಒಗೆದಷ್ಟೂ ಬಣ್ಣಗಳು ಒಂದರೊಳಗೊಂದು ಬೆರೆತು ಹೊಸ ರಂಗು ಕಟ್ಟುತ್ತದೆ ಎಂಬುದೇ ಈಗ ಅದರ ಮಹಿಮೆ. ‘ಬಣ್ಣ ಬಿಡುವುದು ಗ್ಯಾರಂಟಿ’ ಎಂಬ ಜಾಹೀರಾತು ಬಂತು. ಬಣ್ಣ ಬಿಡದ ಮದ್ರಾಸ್ ಅಸಲಿಯಲ್ಲ ಎನ್ನುವಷ್ಟರ ಮಟ್ಟಿಗೆ ಅದು ಫ್ಯಾಷನ್ ಆಯಿತು.

ಅಲ್ಲಿ ಆಗಿಹೋದ ಎಡವಟ್ಟಿಗೆ ತೇಪೆ ಹಾಕಿದ್ದರು. 1960ರಲ್ಲಿ ಫೋಕ್ಸ್‌ವ್ಯಾಗನ್‌ಗಾಗಿ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಎಂಬ ಜಾಹೀರಾತು ಸಂಸ್ಥೆ ದೋಷವನ್ನು ತಾನಾಗಿ ಹುಡುಕಿಕೊಂಡು ಹೋಯಿತು. ಕಪ್ಪು ಬಿಳುಪಿನ ಬೀಟಲ್ ಕಾರು, ಕೆಳಗೆ ಒಂದೇ ಪದ: ‘ಲೆಮನ್’. ಹೊಸದಾಗಿ ಕೊಂಡರೂ ಕೈಕೊಡುವ ಡಕೋಟ ಗಾಡಿಗೆ ಅಮೆರಿಕನ್ನರು ಕರೆಯುವ ಹೆಸರು ಅದು. ಗಾಬರಿಯಾಗಿ ಮುಂದೆ ಓದಿದರೆ ಗೊತ್ತಾಗುವುದೇನು? ಡ್ಯಾಶ್‌ಬೋರ್ಡಿನ ಖಾನೆಯ ಮೇಲಿನ ಕ್ರೋಮ್ ಪಟ್ಟಿಯಲ್ಲಿ ಚಿಕ್ಕದೊಂದು ಕಲೆ. ಅಷ್ಟಕ್ಕೇ ಈ ಕಾರನ್ನು ತಡೆಹಿಡಿಯಲಾಗಿದೆ. ವೋಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ತಪಾಸಣೆಗೆಂದೇ 3,389 ಮಂದಿ ಇದ್ದಾರೆ. ತಪ್ಪೊಪ್ಪಿಗೆಯ ವೇಷದಲ್ಲಿ ಬಂದ ಅಪ್ಪಟ ಬಡಾಯಿ!

ಇದು ಏಕೆ ನಾಟುತ್ತದೆ ಎಂಬುದಕ್ಕೆ ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1966ರಲ್ಲಿ ಉತ್ತರ ಕೊಟ್ಟರು. ರಸಪ್ರಶ್ನೆಯಲ್ಲಿ ನೂರಕ್ಕೆ 92 ಸರಿಯುತ್ತರ ಕೊಟ್ಟ ಜಾಣ ಕೊನೆಗೆ ಮೈಮೇಲೆ ಕಾಫಿ ಚೆಲ್ಲಿಕೊಂಡರೆ, ಧ್ವನಿಮುದ್ರಣ ಕೇಳಿದ ವಿದ್ಯಾರ್ಥಿಗಳಿಗೆ ಇನ್ನಷ್ಟು ಇಷ್ಟವಾಗುತ್ತಿದ್ದ. ಸಾಧಾರಣದವನು ಚೆಲ್ಲಿಕೊಂಡರೆ ಇದ್ದ ಇಷ್ಟವೂ ಇಳಿಯುತ್ತಿತ್ತು. ಎಡವುವುದಕ್ಕೂ ಯೋಗ್ಯತೆ ಬೇಕು, ಪಾಪ.

ಮಂಡ್ಯದ ಕಪ್ಪು ಬೆಲ್ಲದ ಕಥೆ ಸ್ವಲ್ಪ ಬೇರೆ. ಬೆಳ್ಳಗಿನ ಅಚ್ಚಿನ ಮುಂದೆ ಮೂಲೆಗೆ ಬಿದ್ದಿದ್ದ ಅದು, ರಾಸಾಯನಿಕ ಹಾಕಿಲ್ಲ ಎಂಬುದಕ್ಕೆ ಮೈಬಣ್ಣವನ್ನೇ ಸಾಕ್ಷಿಯಾಗಿ ತೋರಿಸಿ ಈಗ ಹೆಚ್ಚಿನ ದರ ಕೇಳುತ್ತಿದೆ. ಆ ಕಪ್ಪಿಗೆ ಕಾರಣವಿದೆ. ಕಾರ್ಖಾನೆಯಲ್ಲೇ ಹಳತಾಗಿಸಿದ ಜೀನ್ಸಿಗೆ ಅದೂ ಇಲ್ಲ. ಯಾರೂ ತೊಡದ ಪ್ಯಾಂಟಿನ ಮೊಣಕಾಲು ಸವೆಸಲು ಕೊಳವೆಯಿಂದ ಮರಳನ್ನು ರಭಸವಾಗಿ ಎರಚುತ್ತಿದ್ದರು. ಆ ದೂಳು ಕುಡಿದ ಟರ್ಕಿಯ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದಿಂದ ಸತ್ತ ಮೇಲೆ, 2009ರಲ್ಲಿ ಅಲ್ಲಿನ ಸರ್ಕಾರ ಈ ವಿಧಾನವನ್ನು ನಿಷೇಧಿಸಿತು. ಆ ದೂಳಿನ ಸುದ್ದಿ ಯಾವ ಲೇಬಲ್ಲಿನ ಮೇಲೂ ಬರಲಿಲ್ಲ.

ಜಾಹೀರಾತಿನಲ್ಲಿ ಒಪ್ಪಿಕೊಳ್ಳುವ ದೋಷವನ್ನು ಆರಿಸುವವರು ಮಾರುವವರೇ ತಾನೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳಲ್ಲಿ, ಹೊಗೆ ತಪಾಸಣೆಯ ವೇಳೆ ಮಾತ್ರ ಶುದ್ಧವಾಗಿ ನಟಿಸುವ ಸಾಫ್ಟ್‌ವೇರ್ ಇರುವುದನ್ನು ಬಯಲು ಮಾಡಿತು. ಜಗತ್ತಿನಾದ್ಯಂತ ಅಂಥವು ಸುಮಾರು 1.1 ಕೋಟಿ ಕಾರುಗಳಿದ್ದವು. ಅವುಗಳ ಕ್ರೋಮ್ ಪಟ್ಟಿಯ ಬಗ್ಗೆ ಯಾರದೂ ದೂರಿರಲಿಲ್ಲ.