ದಾಯಾದಿ ಬೀಗನಾದ ಕಥೆ

ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದ ಪಕ್ಕದ ಕಣಿವೆಯೊಂದರಲ್ಲಿ 1856ರ ಆಗಸ್ಟ್‌ನಲ್ಲಿ ಸುಣ್ಣದ ಕಲ್ಲಿನ ಗಣಿ ಕೆಲಸ ನಡೆದಿತ್ತು. ಕೂಲಿಗಳು ಒಂದು ಗವಿಯ ಮಣ್ಣನ್ನು ಬಗೆದು ಕೆಳಕ್ಕೆ ತಳ್ಳುತ್ತಿದ್ದಾಗ ಜೊತೆಗೆ ಮೂಳೆಗಳೂ ಉರುಳಿದವು. ಕರಡಿಯದಿರಬೇಕು ಎಂದುಕೊಂಡ ಮಾಲೀಕರು ಕಣ್ಣಿಗೆ ಬಿದ್ದ ದೊಡ್ಡ ತುಂಡುಗಳನ್ನಷ್ಟೇ ಆರಿಸಿಡಿಸಿದರು. ಒಟ್ಟು ಹದಿನಾರು. ಸಣ್ಣಪುಟ್ಟವು ಮಣ್ಣಿನೊಂದಿಗೇ ಹೋದವು. ಅವನ್ನು ನೋಡಲು ಬಂದ ಶಾಲಾ ಮೇಷ್ಟರು ಯೋಹಾನ್ ಕಾರ್ಲ್ ಫುಲ್‌ರಾಟ್, ಇದು ಕರಡಿಯದಲ್ಲ, ಮನುಷ್ಯನದು, ಆದರೆ ನಮ್ಮಂಥ ಮನುಷ್ಯನದಲ್ಲ ಎಂದು ಗುರುತಿಸಿದರು.

ಕಣಿವೆಗೆ ನಿಯಾಂಡರ್ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ‘ತಾಲ್’ ಎಂದರೆ ಕಣಿವೆ; ಆ ಮೂಳೆಯ ಮನುಷ್ಯ ನಿಯಾಂಡರ್ತಾಲ್ ಆದದ್ದು ಹಾಗೆ. 17ನೇ ಶತಮಾನದಲ್ಲಿ ಅಲ್ಲಿ ಓಡಾಡಿಕೊಂಡಿದ್ದ ಕ್ರೈಸ್ತ ಭಕ್ತಿಗೀತೆಗಳ ಕವಿ ಯೋಆಕಿಮ್ ನಿಯಾಂಡರ್ ನೆನಪಿಗೆ ಕಣಿವೆಗೆ ಇಟ್ಟ ಹೆಸರು ಅದು. ಆತನ ಮನೆತನದವರು ಮೊದಲು ನಾಯ್‌ಮಾನ್ ಆಗಿದ್ದವರು, ಅದನ್ನೇ ಗ್ರೀಕ್‌ಗೆ ತಿರುಗಿಸಿಕೊಂಡು ನಿಯಾಂಡರ್ ಆದವರು. ಎರಡಕ್ಕೂ ಅರ್ಥ ಒಂದೇ: ಹೊಸ ಮನುಷ್ಯ.

ಊರಿಗೆ ಹೊಸಬರು ಬಂದರೆ ನಮ್ಮ ಕಡೆ ಮೊದಲು ಕೇಳುವುದು ‘ಯಾರ ಪೈಕಿ?’ ಎಂದು. ಈ ಹೊಸ ಮನುಷ್ಯನ ವಿಚಾರದಲ್ಲೂ 170 ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಅದೇ. ಬಹುಕಾಲ ಬಂದ ಉತ್ತರಗಳಲ್ಲಿ ಮೂಳೆಗಿಂತ ಹೆಚ್ಚಾಗಿ ಕಾಣುವುದು ಅದನ್ನು ನೋಡಿದವರ ಮನಸ್ಸು.

ಬಾನ್ ವಿಶ್ವವಿದ್ಯಾಲಯದ ಆಗಸ್ಟ್ ಮೇಯರ್ ಕೊಟ್ಟ ಉತ್ತರ ಎಲ್ಲಕ್ಕಿಂತ ಸ್ವಾರಸ್ಯದ್ದು. ಅವರ ಪ್ರಕಾರ ಇವನು 1814ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಬಂದ ರಷ್ಯಾದ ಕೊಸಾಕ್ ಸವಾರ. ಕುದುರೆಯ ಮೇಲೆ ಕೂತು ಕೂತು ಕಾಲು ಬಾಗಿದೆ, ಗಾಯಗೊಂಡು ಗವಿ ಸೇರಿ ಸತ್ತಿದ್ದಾನೆ. ಸಾಯುವ ಸಿಪಾಯಿ ಬಟ್ಟೆ, ಗುಂಡಿ, ಆಯುಧ ಎಲ್ಲವನ್ನೂ ಹೊರಗೆ ಬಿಟ್ಟು ಕಡಿದಾದ ಬಂಡೆಯ ನಡುವಿನ ಗವಿಗೆ ಹೋಗಿ, ಮೇಲೆ ಮಣ್ಣನ್ನೂ ಹೊದ್ದುಕೊಂಡನೇ ಎಂದು ಕೇಳಬಹುದಿತ್ತು. ಆ ಕಾಲದ ದೊಡ್ಡ ವೈದ್ಯವಿಜ್ಞಾನಿ ರುಡಾಲ್ಫ್ ಫಿರ್ಕೋ ಕೂಡ ಇದು ಬಾಲ್ಯದಲ್ಲಿ ಮೂಳೆ ಮೆತ್ತಗಾಗುವ ರಿಕೆಟ್ಸ್, ಮುಪ್ಪಿನಲ್ಲಿ ಸಂಧಿವಾತ ಬಂದವನ ಮೂಳೆ ಎಂದರು. ದೊಡ್ಡವರ ಮಾತು, ಜರ್ಮನಿಯಲ್ಲಿ ಅದೇ ಬಹುಕಾಲ ನಿಂತಿತು. 1864ರಲ್ಲಿ ಐರ್ಲೆಂಡಿನ ವಿಲಿಯಂ ಕಿಂಗ್ ಇದನ್ನು ಬೇರೆ ಪ್ರಭೇದವೆಂದು ಕರೆದು ಹೋಮೋ ನಿಯಾಂಡರ್ತಾಲೆನ್ಸಿಸ್ ಎಂದು ಹೆಸರಿಟ್ಟರು. ಎರಡು ವರ್ಷದ ಬಳಿಕ ಎರ್ನ್ಸ್ಟ್ ಹೆಕೆಲ್ ಸೂಚಿಸಿದ ಹೆಸರು ಹೋಮೋ ಸ್ಟುಪಿಡಸ್, ಅಂದರೆ ದಡ್ಡ ಮನುಷ್ಯ. ಕಿಂಗ್ ಮೊದಲೇ ಹೆಸರಿಟ್ಟಿದ್ದು ಒಳ್ಳೆಯದಾಯಿತು.

ಆದರೂ ದಡ್ಡನೆಂಬ ಹಣೆಪಟ್ಟಿ ತಪ್ಪಲಿಲ್ಲ. 1908ರಲ್ಲಿ ಫ್ರಾನ್ಸ್‌ನ ಲಾ ಶಪೆಲ್‌ನಲ್ಲಿ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರವೇ ಸಿಕ್ಕಿತು. ಅದನ್ನು ಅಭ್ಯಾಸ ಮಾಡಿದ ಮಾರ್ಸೆಲಿನ್ ಬೂಲ್ ಬೆನ್ನು ಬಾಗಿದ, ಮೊಣಕಾಲು ಮಡಿಸಿಕೊಂಡೇ ನಡೆಯುವ, ಅರ್ಧ ವಾನರನಾದ ಜೀವಿಯೊಂದನ್ನು ಚಿತ್ರಿಸಿದರು. ಅದು ಪತ್ರಿಕೆ, ಪಠ್ಯಪುಸ್ತಕ, ವ್ಯಂಗ್ಯಚಿತ್ರಗಳಲ್ಲೆಲ್ಲ ಹರಡಿತು. ನಮ್ಮ ತಲೆಯಲ್ಲಿ ಈಗಲೂ ಇರುವ, ದೊಣ್ಣೆ ಹಿಡಿದ ಗುಹಾಮಾನವ ಬಹುಮಟ್ಟಿಗೆ ಆ ವಂಶದವನೇ. 1957ರಲ್ಲಿ ಇಬ್ಬರು ಅಂಗರಚನಾ ತಜ್ಞರು ಅದೇ ಮೂಳೆಗಳನ್ನು ಮತ್ತೆ ಪರೀಕ್ಷಿಸಿದರು. ಆತ ಸಂಧಿವಾತದಿಂದ ನರಳಿದ್ದ ವಯಸ್ಸಾದವನು; ಆರೋಗ್ಯವಂತ ನಿಯಾಂಡರ್ತಾಲ್ ನಮ್ಮಂತೆಯೇ ನೆಟ್ಟಗೆ ನಡೆಯುತ್ತಿದ್ದ. ರೋಗಿಯೊಬ್ಬನನ್ನು ನೋಡಿ ಇಡೀ ಕುಲವನ್ನೇ ಕುಂಟು ಎಂದು ಬರೆದಂತಾಗಿತ್ತು. ನಿಜವಾಗಿ ಕಾಯಿಲೆ ಇದ್ದಲ್ಲಿ ಬೂಲ್ ಕುಲಲಕ್ಷಣ ಕಂಡರು, ಕುಲಲಕ್ಷಣ ಇದ್ದಲ್ಲಿ ಫಿರ್ಕೋ ಕಾಯಿಲೆ ಕಂಡಿದ್ದರು.

ಅಷ್ಟರಲ್ಲಿ ಇರಾಕಿನ ಕುರ್ದಿಸ್ತಾನದ ಶಾನಿದಾರ್ ಗವಿಯಲ್ಲಿ ರಾಲ್ಫ್ ಸೊಲೆಕಿ ಅಗೆಯುತ್ತಿದ್ದರು. ಅಲ್ಲಿ ಸಿಕ್ಕ ಒಬ್ಬನ ಬಲಗೈ ಮೊಣಕೈ ಹತ್ತಿರವೇ ಮುಗಿದಿತ್ತು, ಒಂದು ಕಣ್ಣಿನ ಬದಿ ಜಜ್ಜಿಹೋಗಿತ್ತು. ಹೀಗಿದ್ದೂ ಗಾಯಗಳೆಲ್ಲ ಮಾಗಿ ಅವನು ಎಷ್ಟೋ ವರ್ಷ ಬದುಕಿದ್ದ. ಯಾರೋ ಅವನಿಗೆ ಉಣಿಸಿದ್ದರು. ಅದೇ ಗವಿಯ ಇನ್ನೊಂದು ಶವದ ಸುತ್ತ ಹೂವಿನ ಪರಾಗ ಸಿಕ್ಕಿದ್ದರಿಂದ ಹೂವಿಟ್ಟು ಮಣ್ಣು ಮಾಡಿದರು ಎಂಬ ಕಥೆ ಹುಟ್ಟಿತು. ಬಿಲ ತೋಡುವ ಪ್ರಾಣಿಗಳು, ಜೇನ್ನೊಣಗಳು ತಂದ ಪರಾಗ ಅದಾಗಿರಬಹುದು ಎಂಬ ಆಕ್ಷೇಪ ಗಟ್ಟಿಯಾಗಿದೆ. ನನಗೆ ಹೂವಿಗಿಂತ ಆ ಮಾಗಿದ ಗಾಯವೇ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ.

ಈಚಿನ ಸಾಕ್ಷಿಗಳೂ ಅದೇ ದಿಕ್ಕಿನವು. ಜರ್ಮನಿಯ ನಾಯ್‌ಮಾರ್ಕ್ ನಾರ್ಡ್‌ನಲ್ಲಿ 1.25 ಲಕ್ಷ ವರ್ಷಗಳ ಹಿಂದೆ ನಿಯಾಂಡರ್ತಾಲರು ಕೆರೆಯ ದಡದಲ್ಲಿ ಕನಿಷ್ಠ 172 ದೊಡ್ಡ ಪ್ರಾಣಿಗಳ ಮೂಳೆಗಳನ್ನು ಚೂರು ಮಾಡಿ, ಬಿಸಿನೀರಿನಲ್ಲಿ ಕುದಿಸಿ ಕೊಬ್ಬು ತೆಗೆದಿದ್ದರು ಎಂದು 2025ರಲ್ಲಿ ವರದಿಯಾಯಿತು. ಅದೇ ವರ್ಷದ ಕೊನೆಗೆ ಇಂಗ್ಲೆಂಡಿನ ಬಾರ್ನಮ್‌ನಿಂದ ಇನ್ನೊಂದು ಸುದ್ದಿ: 4 ಲಕ್ಷ ವರ್ಷ ಹಳೆಯ ಸುಟ್ಟ ಜೇಡಿಮಣ್ಣು, ಬಿಸಿಗೆ ಸೀಳಿದ ಕೈಕೊಡಲಿಗಳು, ಜೊತೆಗೆ ಎರಡು ಚೂರು ಪೈರೈಟ್. ಚಕಮಕಿ ಕಲ್ಲಿಗೆ ಬಡಿದರೆ ಕಿಡಿ ಹಾರಿಸುವ ಖನಿಜವದು. ಆ ಜಾಗದಲ್ಲಿ ತಾನಾಗಿ ಸಿಗುವುದು ತೀರ ಅಪರೂಪ. ಹೊತ್ತಿಸಿದವರು ಬಹುಶಃ ಆರಂಭಕಾಲದ ನಿಯಾಂಡರ್ತಾಲರು. ಬೆಂಕಿ ಹೊತ್ತಿಸಿದ್ದಕ್ಕೆ ಅಲ್ಲಿಯವರೆಗೆ ಇದ್ದ ಗಟ್ಟಿ ಪುರಾವೆ 50 ಸಾವಿರ ವರ್ಷದ ಆಸುಪಾಸಿನದು.

ಆದರೆ ‘ಯಾರ ಪೈಕಿ’ ಎಂಬುದಕ್ಕೆ ಕೆಲಸದ ಚಾತುರ್ಯ ಉತ್ತರವಲ್ಲ. ಅದಕ್ಕೆ ರಕ್ತಸಂಬಂಧವನ್ನೇ ನೋಡಬೇಕಿತ್ತು. 1997ರಲ್ಲಿ ತಳಿವಿಜ್ಞಾನಿ ಸ್ವಾಂಟೆ ಪಾಬೊ ತಂಡ 1856ರ ಅದೇ ಮೂಳೆಗಳಲ್ಲಿ ತೋಳಿನದನ್ನು ಸ್ವಲ್ಪ ಕೊರೆದು ಡಿಎನ್‌ಎ ತೆಗೆಯಿತು. ಓದಲು ಸಿಕ್ಕಿದ್ದು 379 ಅಕ್ಷರ, ಅಂದರೆ ಅದರ ಸರಪಳಿಯ 379 ಕೊಂಡಿ. ಇವತ್ತಿನ ಯಾವ ಇಬ್ಬರನ್ನು ಹೋಲಿಸಿದರೂ ಆ ಭಾಗದಲ್ಲಿ ಸರಾಸರಿ 8 ಅಕ್ಷರ ವ್ಯತ್ಯಾಸ. ನಿಯಾಂಡರ್ತಾಲ್ ಜೊತೆ 27. ಆಗ ಸಿಕ್ಕ ಉತ್ತರ: ಅಜ್ಜನಲ್ಲ, ದಾಯಾದಿ. ಐದು ಲಕ್ಷ ವರ್ಷಗಳಿಗೂ ಹಿಂದೆ ಪಾಲಾಗಿ ಬೇರೆ ಹೋದ ಕವಲು, ಕೊಡುಕೊಳ್ಳುವಿಕೆ ಏನೂ ಕಾಣದು.

ಆದರೆ ಆ 379 ಅಕ್ಷರ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದವು, ತಾಯಿಯಿಂದ ಮಾತ್ರ ಇಳಿದು ಬರುವಂಥವು. ಹೆಸರಿನ ಹಿಂದಿನ ಇನಿಷಿಯಲ್ ನೋಡಿ ಒಬ್ಬರ ತಾಯಿಯ ತವರು ಹೇಳಲಾಗದು. ಇದು ಅದರ ತಿರುಗುಮುರುಗು. ಇಡೀ ಜೀನೋಮ್, ಅಂದರೆ ತಾಯಿತಂದೆ ಇಬ್ಬರಿಂದಲೂ ಬಂದ ಪೂರ್ತಿ ಬರಹ ಬೇಕಿತ್ತು. ಕ್ರೊಯೇಷಿಯಾದ ವಿಂಡಿಯಾ ಗವಿಯ ಮೂಳೆಗಳಲ್ಲಿದ್ದ ಡಿಎನ್‌ಎಯಲ್ಲಿ ಶೇ 95ಕ್ಕೂ ಹೆಚ್ಚು ಸೂಕ್ಷ್ಮಜೀವಿಗಳದ್ದು. ಮೇಲೆ ಮುಟ್ಟಿದವರ ಬೆವರು, ಚರ್ಮದ ಹೊಟ್ಟು ಬೇರೆ. ಎಲ್ಲವನ್ನೂ ಸೋಸಿ 2010ರಲ್ಲಿ ಕರಡು ಸಿದ್ಧವಾದಾಗ ದಾಯಾದಿಯ ಲೆಕ್ಕ ತಲೆಕೆಳಗಾಯಿತು. ಆಫ್ರಿಕಾದ ಹೊರಗಿನ ಜನರಲ್ಲೆಲ್ಲ ನಿಯಾಂಡರ್ತಾಲ್ ಅಂಶ ಶೇ 1ರಿಂದ 4ರಷ್ಟಿತ್ತು. ನಂತರದ ಲೆಕ್ಕದಲ್ಲಿ ಇದು ಶೇ 2ರ ಆಸುಪಾಸಿಗೆ ಇಳಿದಿದೆ. ಪಾಲಾದವರು ಮತ್ತೆ ಸೇರಿ ಮಕ್ಕಳನ್ನು ಹೆತ್ತಿದ್ದರು. ಅಂದರೆ ಬೀಗರು.

ಆ ಬೀಗತನವನ್ನು ಒಂದು ಚೂರು ಮೂಳೆಯಲ್ಲೇ ನೋಡಬಹುದು. ಸೈಬೀರಿಯಾದ ಡೆನಿಸೋವಾ ಗವಿಯಲ್ಲಿ ಕತ್ತೆಕಿರುಬ ಕಡಿದು ಬಿಟ್ಟ ಮೂಳೆಚೂರುಗಳು ರಾಶಿ ರಾಶಿ. ಯಾವುದು ಯಾವ ಪ್ರಾಣಿಯದೆಂದು ಕಣ್ಣಿಗೆ ಗೊತ್ತಾಗದು. ಸಮಂತಾ ಬ್ರೌನ್ ಎಂಬ ವಿದ್ಯಾರ್ಥಿನಿ ಎರಡು ಸಾವಿರಕ್ಕೂ ಹೆಚ್ಚು ಚೂರುಗಳಿಂದ ಚಿಟಿಕೆ ಪುಡಿ ತೆಗೆದು ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ ಕೊಲಾಜೆನ್ ಪ್ರೊಟೀನನ್ನು ಪರೀಕ್ಷಿಸುತ್ತಾ ಹೋದರು. ಅಷ್ಟರಲ್ಲಿ ಒಂದೇ ಒಂದು ಚೂರು, ಎರಡು ಸೆಂಟಿಮೀಟರ್ ಚಿಲ್ಲರೆ ಉದ್ದದ್ದು, ಮನುಷ್ಯ ಜಾತಿಯದೆಂದು ತಿಳಿಯಿತು. ವಿವಿಯನ್ ಸ್ಲಾನ್ ಅದರ ಡಿಎನ್‌ಎ ಓದಿದಾಗ ನಂಬಿಕೆ ಬಾರದೆ ಮತ್ತೆ ಮತ್ತೆ ಪರೀಕ್ಷಿಸಿದರು. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ ಎಂಬ ಇನ್ನೊಂದು ಪ್ರಾಚೀನ ಮಾನವ ಕವಲಿನವನು. ಸುಮಾರು 90 ಸಾವಿರ ವರ್ಷಗಳ ಹಿಂದೆ, ಹದಿಮೂರರ ಆಸುಪಾಸಿನಲ್ಲಿ ತೀರಿಹೋದ ಹುಡುಗಿ. 2018ರಲ್ಲಿ ಇದು ಪ್ರಕಟವಾಯಿತು. ಸಂಶೋಧಕರು ಅವಳನ್ನು ಡೆನ್ನಿ ಎಂದು ಕರೆಯುತ್ತಾರೆ.

ತಂದೆಯ ಕಡೆಯವರಾದ ಡೆನಿಸೋವನ್ನರ ಪರಿಚಯ ಆದದ್ದೇ 2010ರಲ್ಲಿ, ಅದೇ ಗವಿಯ ಕಿರುಬೆರಳಿನ ಮೂಳೆಯ ಡಿಎನ್‌ಎಯಿಂದ. ಮುಖ ಹೇಗಿತ್ತೋ ತಿಳಿಯದ ಜನ ಅವರು. ಆ ಪ್ರಶ್ನೆಯ ಉತ್ತರವು ಚೀನಾದ ಬಾವಿಯೊಂದರಲ್ಲಿ ಕೂತಿತ್ತು. ಕುಟುಂಬದವರು ಹೇಳುವ ಪ್ರಕಾರ, 1933ರಲ್ಲಿ ಹಾರ್ಬಿನ್‌ನಲ್ಲಿ ಸೇತುವೆ ಕಟ್ಟುವಾಗ ಸಿಕ್ಕ ತಲೆಬುರುಡೆಯನ್ನು ಕೂಲಿಯೊಬ್ಬ ಆಗ ಊರನ್ನು ಆಕ್ರಮಿಸಿದ್ದ ಜಪಾನೀಯರ ಕಣ್ಣು ತಪ್ಪಿಸಿ ಬಾವಿಯಲ್ಲಿ ಬಚ್ಚಿಟ್ಟ. ಸಾಯುವ ಮುಂಚೆಯಷ್ಟೇ ಮನೆಯವರಿಗೆ ಬಾಯಿಬಿಟ್ಟ. ಅದು 2018ರಲ್ಲಿ ಸಂಶೋಧಕರ ಕೈ ಸೇರಿತು. 2025ರಲ್ಲಿ ಫು ಚಿಯಾಒಮೇ ತಂಡ ಆ ಬುರುಡೆಯ ಹಲ್ಲಿನ ಮೇಲೆ ಗಟ್ಟಿಯಾಗಿದ್ದ ಪಾಚಿಯಿಂದಲೇ ಡಿಎನ್‌ಎ ತೆಗೆದು, ಇದು ಡೆನಿಸೋವನ್ ಎಂದು ತೋರಿಸಿತು. ಹಲ್ಲುಜ್ಜದಿರುವುದರಿಂದ ಇಂಥ ಉಪಕಾರವೂ ಉಂಟು.

ನಿಯಾಂಡರ್ತಾಲರ ಮನೆಯೊಳಗಿನ ವಿಚಾರವೂ ಈಗ ಅಲ್ಪಸ್ವಲ್ಪ ಗೊತ್ತಾಗಿದೆ. ಸೈಬೀರಿಯಾದ ಚಾಗಿರ್ಸ್‌ಕಾಯಾ ಗವಿಯಲ್ಲಿ ಅಪ್ಪ ಮತ್ತು ಹದಿಹರೆಯದ ಮಗಳನ್ನೇ 2022ರಲ್ಲಿ ಗುರುತಿಸಿದರು. ಹತ್ತಿಪ್ಪತ್ತು ಜನರ ಗುಂಪುಗಳು, ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚಿನವರು ಬೇರೆ ಗುಂಪಿನಿಂದ ಬಂದವರು. ಗಂಡಸರು ಹುಟ್ಟಿದಲ್ಲೇ ಇದ್ದರು. ಇದನ್ನು ಓದಿ ನಮ್ಮ ಹಳ್ಳಿ ನೆನಪಾಗದವರು ಕಡಿಮೆ.

ನಮಗೂ ಅವರಿಗೂ ಸಂಬಂಧ ಬೆಳೆದದ್ದು ಸುಮಾರು 50,500ರಿಂದ 43,500 ವರ್ಷಗಳ ಹಿಂದಿನವರೆಗೆ, ಏಳು ಸಾವಿರ ವರ್ಷ ಎಂದು 2024ರ ಅಧ್ಯಯನ ಲೆಕ್ಕ ಹಾಕಿದೆ. ಇಷ್ಟಾದರೂ ಅಪ್ಪನಿಂದ ಮಗನಿಗೆ ಗೋತ್ರದಂತೆ ಸಾಗುವ ವೈ ವರ್ಣತಂತುವಿನಲ್ಲಿ ನಿಯಾಂಡರ್ತಾಲರದ್ದು ಇಂದು ಬದುಕಿರುವ ಯಾರಲ್ಲೂ ಕಂಡಿಲ್ಲ. ತಾಯಿಯ ಮೈಟೊಕಾಂಡ್ರಿಯವೂ ಇಲ್ಲ. ಗೋತ್ರ ಅಳಿದು ಆಸ್ತಿ ಮಾತ್ರ ಉಳಿದಿದೆ.

ಆ ಆಸ್ತಿಯ ಒಂದು ತುಣುಕಿನ ಸುದ್ದಿ ಕೋವಿಡ್ ಕಾಲದಲ್ಲಿ ಬಂತು. ಸೋಂಕು ತಗುಲಿದರೆ ಕಾಯಿಲೆ ಉಲ್ಬಣಿಸುವ ಸಾಧ್ಯತೆ ಹೆಚ್ಚಿಸುವ, ಮೂರನೇ ವರ್ಣತಂತುವಿನ ಸುಮಾರು 50 ಸಾವಿರ ಅಕ್ಷರಗಳ ಭಾಗ ನಿಯಾಂಡರ್ತಾಲರಿಂದ ಬಂದದ್ದು ಎಂದು 2020ರಲ್ಲಿ ಹ್ಯೂಗೊ ಜೀಬರ್ಗ್ ಮತ್ತು ಪಾಬೊ ತೋರಿಸಿದರು. ಯುರೋಪಿನಲ್ಲಿ ಇದು ಶೇ 16ರಷ್ಟು ಜನರಲ್ಲಿದ್ದರೆ ದಕ್ಷಿಣ ಏಷ್ಯಾದಲ್ಲಿ ಅರ್ಧದಷ್ಟು ಜನರಲ್ಲಿದೆ. ಪೂರ್ವ ಏಷ್ಯಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಹಣೆಬರಹ ಎಂದುಕೊಳ್ಳಬೇಕಿಲ್ಲ, ವಯಸ್ಸು ಅದಕ್ಕಿಂತ ದೊಡ್ಡ ಅಪಾಯ. ಇಲ್ಲಿ ಇಷ್ಟು ಉಳಿದದ್ದು ಹಿಂದೆ ಬೇರಾವುದೋ ರೋಗದಿಂದ ಕಾಪಾಡಿದ್ದಕ್ಕೆ ಇರಬಹುದು ಎಂಬುದು ಒಂದು ಊಹೆ.

2025ರಲ್ಲಿ ಭಾರತದ 2,762 ಜನರ ಪೂರ್ಣ ಜೀನೋಮ್‌ಗಳ ಅಧ್ಯಯನ ಬಂತು. ಒಬ್ಬೊಬ್ಬರಲ್ಲಿ ನಿಯಾಂಡರ್ತಾಲ್ ಅಂಶ ಶೇ 1ರಿಂದ 2. ಆದರೆ ಒಬ್ಬರಲ್ಲಿರುವ ತುಣುಕು ಇನ್ನೊಬ್ಬರಲ್ಲಿಲ್ಲ. ಎಲ್ಲರಿಂದಲೂ ಆಯ್ದು ಜೋಡಿಸಿದಾಗ ನಿಯಾಂಡರ್ತಾಲ್ ಜೀನೋಮಿನ ಹತ್ತಿರಹತ್ತಿರ ಅರ್ಧದಷ್ಟು ಮತ್ತೆ ಕೂಡಿಬಂತು.

ಮೊದಲ ಗವಿಯಲ್ಲೂ ಇಂಥದ್ದೇ ಒಂದು ಆಯುವ ಕೆಲಸ ನಡೆಯಿತು. ಗವಿ, ಬಂಡೆ ಎಲ್ಲವನ್ನೂ ಗಣಿ ತಿಂದುಹಾಕಿ, ಜಾಗ ಯಾವುದೆಂಬುದೇ ಮರೆತುಹೋಗಿತ್ತು. 1997ರಲ್ಲಿ ರಾಲ್ಫ್ ಷ್ಮಿಟ್ಸ್ ಮತ್ತು ಯೂರ್ಗೆನ್ ಟಿಸೆನ್ ಹಳೆಯ ದಾಖಲೆಗಳ ಜಾಡು ಹಿಡಿದು, ಕೂಲಿಗಳು ಅಂದು ಕೆಳಕ್ಕೆ ಸುರಿದಿದ್ದ ಮಣ್ಣನ್ನು ಪತ್ತೆ ಮಾಡಿದರು. ಆಗ ಮತ್ತು 2000ರಲ್ಲಿ ಅಗೆದಾಗ ಬೇರೊಬ್ಬರ ಮೂಳೆಗಳೂ ಸಿಕ್ಕವು. ಹದಿನಾರು ತುಂಡುಗಳಲ್ಲಿ ಎಡ ತೊಡೆಮೂಳೆಯ ತುದಿ ಒಂದು ಕಡೆ ಮುಕ್ಕಾಗಿತ್ತು. ಮಣ್ಣಿನಿಂದ ಬಂದ ಒಂದು ಸಣ್ಣ ಚೂರನ್ನು ಮೊಣಕಾಲಿನ ಆ ಮುಕ್ಕಿಗೆ ಹಿಡಿದು ನೋಡಿದರು. ಸರಿಯಾಗಿ ಕೂತಿತು.